ಗಂಟಲು ಕಟ್ಟಿದಾಗ ಮೌನವೇ ಮದ್ದು

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಹಾಲಿನವನನ್ನು ಕರೆಯಲೆಂದು ಬಾಯಿ ತೆರೆದರೆ ಧ್ವನಿಯೇ ಹೊರಡಲಿಲ್ಲ. ಎರಡು ದಿನಗಳ ಹಿಂದೆ ನೆಗಡಿಯಾಗಿತ್ತು. ಅದನ್ನು ಲೆಕ್ಕಿಸದೆ ಬಂಧುಗಳ ಮದುವೆಯಲ್ಲಿ ಓಲಗದ ಸದ್ದನ್ನು ಮೀರಿಸಿ ಹರಟಿದ್ದೆ. ಬಡಾವಣೆಯ ಔಷಧ ಅಂಗಡಿಗೆ ಹೋಗಿ ಗಂಟಲು ತೋರಿಸಿದೆ. ಅಂಗಡಿಯವರು ವೈದ್ಯರ ಚೀಟಿಯನ್ನೂ ಕೇಳದೆ ಐದು ದಿನಗಳ ಆ್ಯಂಟಿಬಯಾಟಿಕ್ ಮಾತ್ರೆ ಕತ್ತರಿಸಿ ಕೊಟ್ಟರು. ಮೂವತ್ತು ವರ್ಷಗಳಿಗೂ ಮೀರಿ ಸರ್ಕಾರಿ ಕಡತಗಳಲ್ಲಿ ನಿಯಮಗಳನ್ನು ಉಲ್ಲೇಖಿಸುತ್ತಲೇ ಬಂದ ನಾನು ಅದನ್ನು ಪ್ರಶ್ನಿಸಲಿಲ್ಲ. ಪ್ರಶ್ನಿಸಲು ಧ್ವನಿಯೂ ಇರಲಿಲ್ಲ. ಸಂಜೆ ನಮ್ಮ ಪರಿಚಯದ ವೈದ್ಯರು ಪರೀಕ್ಷಿಸಿ, ಮಾತ್ರೆಗಳನ್ನು ಪಕ್ಕಕ್ಕಿಟ್ಟು, ‘ನಾಲ್ಕು ದಿನ ಮಾತು ಬಿಡಿ ಸಾರ್, ಇದಕ್ಕೆ ಅದೇ ಔಷಧ’ ಎಂದರು.

ಧ್ವನಿಪೆಟ್ಟಿಗೆಯಲ್ಲಿರುವ ಎರಡು ಸಣ್ಣ ಧ್ವನಿತಂತುಗಳು ಉಸಿರಿನ ಒತ್ತಡಕ್ಕೆ ಕಂಪಿಸುವುದರಿಂದ ಮಾತು ಹುಟ್ಟುತ್ತದೆ. ಮಾತನಾಡುವಾಗ ಅವು ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ, ಹೆಂಗಸರಲ್ಲಿ ಸುಮಾರು ಇನ್ನೂರು ಬಾರಿ ಒಂದಕ್ಕೊಂದು ತಾಗುತ್ತವೆ. ನೆಗಡಿ ತರುವ ವೈರಾಣುಗಳಿಂದಲೋ ಅತಿಯಾದ ಕೂಗಾಟದಿಂದಲೋ ಈ ತಂತುಗಳು ಊದಿಕೊಂಡಾಗ ಕಂಪನ ಕೆಡುತ್ತದೆ. ಇದೇ ಲ್ಯಾರಿಂಜೈಟಿಸ್, ಅಂದರೆ ಧ್ವನಿಪೆಟ್ಟಿಗೆಯ ಉರಿಯೂತ. ನಮ್ಮ ಆಡುಮಾತಿನಲ್ಲಿ ‘ಗಂಟಲು ಕಟ್ಟುವುದು’.

ಇದನ್ನು ಗುರುತಿಸುವುದು ಕಷ್ಟವಲ್ಲ. ಧ್ವನಿ ಗೊಗ್ಗರಾಗುತ್ತದೆ ಅಥವಾ ಪೂರ್ತಿ ಅಡಗುತ್ತದೆ. ಗಂಟಲಲ್ಲಿ ಕೆರೆತ, ಒಣ ಕೆಮ್ಮು, ಪದೇ ಪದೇ ಗಂಟಲು ಸರಿಪಡಿಸಿಕೊಳ್ಳಬೇಕೆಂಬ ತುಡಿತ, ಕೆಲವೊಮ್ಮೆ ಸಣ್ಣ ಜ್ವರ ಇರುತ್ತವೆ. ಸಾಮಾನ್ಯವಾಗಿ ಒಂದೆರಡು ವಾರಗಳೊಳಗೆ ತಾನಾಗಿಯೇ ಗುಣವಾಗುತ್ತದೆ.

ಆ ದಿನಗಳಲ್ಲಿ ಮನೆಯಲ್ಲಿ ಮಾಡಬಹುದಾದದ್ದರಲ್ಲಿ ಮೊದಲನೆಯದು ಧ್ವನಿಗೆ ವಿಶ್ರಾಂತಿ. ಮಾತನಾಡಲೇಬೇಕಾದರೆ ಮೆಲುದನಿಯಲ್ಲಿ ಸಹಜವಾಗಿ ಆಡಬೇಕು, ಪಿಸುಮಾತು ಬೇಡ. ಪಿಸುಗುಡುವಾಗ ಗಂಟಲನ್ನು ಬಿಗಿಹಿಡಿಯುವುದರಿಂದ ಎಷ್ಟೋ ಮಂದಿಗೆ ಶ್ರಮ ಹೆಚ್ಚುತ್ತದೆ. ಕ್ಯಾಕರಿಸಿ ಗಂಟಲು ಸರಿಪಡಿಸಿಕೊಳ್ಳುವ ಬದಲು ಒಂದು ಗುಟುಕು ನೀರು ಕುಡಿಯುವುದು ಲೇಸು. ಬೆಚ್ಚನೆಯ ನೀರು ಆಗಾಗ ಕುಡಿಯುತ್ತಿರಬೇಕು. ಬೀಡಿ, ಸಿಗರೇಟು, ಮದ್ಯ ಸಂಪೂರ್ಣ ನಿಷಿದ್ಧ. ನೆಗಡಿಗೆಂದು ನಾವೇ ಕೊಂಡು ನುಂಗುವ ಕೆಲವು ಮಾತ್ರೆಗಳು ಗಂಟಲನ್ನು ಮತ್ತಷ್ಟು ಒಣಗಿಸುತ್ತವೆ ಎಂಬುದೂ ನೆನಪಿರಲಿ.

ಅಜ್ಜಿಯ ಕಾಲದ ಮದ್ದುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅವುಗಳ ಮಿತಿ ತಿಳಿದಿರಬೇಕು. ಉಪ್ಪುನೀರಿನಿಂದ ಗಂಟಲು ಮುಕ್ಕಳಿಸಿದರೆ ಮೇಲ್ಗಂಟಲಿನ ನೋವು ತಗ್ಗುತ್ತದೆ, ಆದರೆ ಆ ನೀರು ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಮುಟ್ಟಿದರೆ ನೆತ್ತಿಗೇರುತ್ತದೆ! ಹಬೆಯಿಂದ ಹಿತವೆನಿಸುತ್ತದೆ, ಕುದಿನೀರಿನ ಪಾತ್ರೆಯ ಬಳಿ ಮಕ್ಕಳನ್ನು ಮಾತ್ರ ಬಿಡಬಾರದು. ಶುಂಠಿ ಕಷಾಯವೂ ಜೇನೂ ಗಂಟಲಿಗೆ ತಂಪು, ಆದರೆ ವರ್ಷ ತುಂಬದ ಮಗುವಿಗೆ ಜೇನು ಕೊಡಕೂಡದು. ಜೇಷ್ಠಮಧುವನ್ನು ದಿನಗಟ್ಟಲೆ ಜಗಿದರೆ ರಕ್ತದೊತ್ತಡ ಏರಬಹುದು. ನನ್ನ ವಯಸ್ಸಿನವರು ಎಚ್ಚರ ವಹಿಸಬೇಕು.

ಇನ್ನು ಆ ಮಾತ್ರೆಗಳ ವಿಷಯ. ವೈರಾಣುವಿನ ಮೇಲೆ ಆ್ಯಂಟಿಬಯಾಟಿಕ್‌ಗಳಿಗೆ ಅಧಿಕಾರವಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2015ರ ತನ್ನ ಪರಾಮರ್ಶೆಯಲ್ಲಿ, ವಯಸ್ಕರ ಅಲ್ಪಕಾಲದ ಲ್ಯಾರಿಂಜೈಟಿಸ್‌ಗೆ ಇವುಗಳಿಂದ ಗಣನೀಯ ಪ್ರಯೋಜನವಿರುವಂತೆ ಕಾಣುವುದಿಲ್ಲವೆಂದೇ ತೀರ್ಮಾನಿಸಿತು. ಬೇಡದ ಕಡೆ ಬಳಸಿದ ಮಾತ್ರೆ ಬೇಕಾದ ದಿನ ಕೈಕೊಡುವಂತೆ ರೋಗಾಣುಗಳನ್ನು ಪಳಗಿಸುತ್ತದೆ. ಅಂಗಡಿಯಲ್ಲಿ ಅಗ್ಗವಾಗಿ ದೊರೆತದ್ದರ ಬೆಲೆಯನ್ನು ಇನ್ನಾರೋ ತೆರುತ್ತಾರೆ.

ಆದರೆ ಮನೆಮದ್ದಿಗೂ ಒಂದು ಗಡಿಯಿದೆ. ಉಸಿರಾಟದಲ್ಲಿ ತೊಂದರೆ, ಉಸಿರೆಳೆದಾಗ ಕರ್ಕಶ ಸದ್ದು, ಉಗುಳನ್ನೂ ನುಂಗಲಾಗದ ಸ್ಥಿತಿ, ಮಗುವಿಗೆ ನಾಯಿ ಬೊಗಳಿದಂಥ ಕೆಮ್ಮಿನೊಡನೆ ಏದುಸಿರು ಇವುಗಳಲ್ಲಿ ಯಾವುದೊಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಫದಲ್ಲಿ ರಕ್ತ ಅಥವಾ ಕುತ್ತಿಗೆಯಲ್ಲಿ ಗಂಟು ಕಂಡರೆ ವೈದ್ಯರಿಗೆ ತೋರಿಸಲು ತಡಮಾಡಬಾರದು. ಇವಾವುವೂ ಇಲ್ಲದೆ ಧ್ವನಿಯ ಬದಲಾವಣೆಯೊಂದೇ ಮೂರು ವಾರ ದಾಟಿದರೂ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಲೇಬೇಕು. ಧೂಮಪಾನಿಗಳಂತೂ ಒಂದು ದಿನವನ್ನೂ ಮುಂದೂಡಬಾರದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಸಹೋದ್ಯೋಗಿಯೊಬ್ಬರು ಐದು ತಿಂಗಳು ಗೊಗ್ಗರು ಧ್ವನಿಯಲ್ಲೇ ಸಭೆಗಳನ್ನು ನಡೆಸಿದರು. ಪ್ರತಿ ಸಭೆಯಲ್ಲೂ ಲವಂಗ ಜಗಿಯುತ್ತ, ‘ಧೂಳಿನ ಅಲರ್ಜಿ’ ಎನ್ನುತ್ತಿದ್ದರು. ನಾವೆಲ್ಲರೂ ನಂಬಿದೆವು. ಕೊನೆಗೆ ತಿಳಿದದ್ದು ಧ್ವನಿಪೆಟ್ಟಿಗೆಯ ಕ್ಯಾನ್ಸರ್. ಜೀವ ಉಳಿಯಿತು, ಧ್ವನಿಪೆಟ್ಟಿಗೆ ಉಳಿಯಲಿಲ್ಲ. ಧ್ವನಿತಂತುವಿನ ಕ್ಯಾನ್ಸರ್ ಬೇಗನೆ ಧ್ವನಿಯನ್ನು ಕೆಡಿಸಿ ಮುನ್ಸೂಚನೆ ಕೊಡುವಂಥದ್ದು. ಆರಂಭದಲ್ಲೇ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ಅವರ ಎದುರಿಗೆ ದಿನವೂ ಕೂರುತ್ತಿದ್ದ ನಮ್ಮಲ್ಲಿ ಒಬ್ಬರಾದರೂ ‘ಒಮ್ಮೆ ತೋರಿಸಿ’ ಎನ್ನಬಹುದಿತ್ತು.

ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’ ಎಂಬ ಪರಿಕಲ್ಪನೆಯಿದೆ: ಒಂದನ್ನು ಪಡೆಯಲು ಏನನ್ನು ಬಿಟ್ಟುಕೊಡುತ್ತೇವೆಯೋ ಅದೇ ಅದರ ನಿಜವಾದ ಬೆಲೆ. ನಿವೃತ್ತನಾದ ನನಗೆ ನಾಲ್ಕು ದಿನಗಳ ಮೌನದ ಬೆಲೆ ಸೊನ್ನೆ; ಮನೆಯವರಿಗೆ ಲಾಭವೇ ಆಗಿರಬೇಕು. ತಳ್ಳುಗಾಡಿಯಲ್ಲಿ ಸೊಪ್ಪು ಕೂಗಿ ಮಾರುವವಳಿಗೆ, ಬಸ್ ನಿರ್ವಾಹಕನಿಗೆ, ಐವತ್ತು ಮಕ್ಕಳ ಮುಂದೆ ನಿಂತ ಶಿಕ್ಷಕಿಗೆ ಅದು ಕೂಲಿಯ ಅಥವಾ ರಜೆಯ ಪ್ರಶ್ನೆ. ಅವರು ಮಾತ್ರೆಗೆ ಮೊರೆಹೋಗುವುದು ಅಜ್ಞಾನದಿಂದ ಮಾತ್ರವಲ್ಲ. ಅಮೆರಿಕದ ಅಯೋವಾ ಮತ್ತು ಯೂಟಾ ರಾಜ್ಯಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 11ರಷ್ಟು ಶಿಕ್ಷಕರು ಧ್ವನಿಯ ತೊಂದರೆ ಇದೆಯೆಂದರು. ಇತರ ವೃತ್ತಿಯವರಲ್ಲಿ ಆ ಪ್ರಮಾಣ ಶೇ 6.2. ನಮ್ಮ ಕಿಕ್ಕಿರಿದ ತರಗತಿಗಳಲ್ಲಿ ಹೊರೆ ಹಗುರವಾಗಿರಲಾರದು.

ಶಾಲೆಗಳು ಸಣ್ಣ ಮೈಕುಗಳನ್ನು ಒದಗಿಸುವುದು, ಗಂಟಲು ಕಟ್ಟಿದವರಿಗೆ ಎರಡು ದಿನ ಪಾಠದ ಬದಲು ಬೇರೆ ಕೆಲಸ ವಹಿಸುವುದು ಬೊಕ್ಕಸ ಬರಿದಾಗಿಸುವ ಕ್ರಮಗಳಲ್ಲ. ಪದೇ ಪದೇ ಧ್ವನಿ ಕಳೆದುಕೊಳ್ಳುವವರಿಗೆ ತರಬೇತಿ, ಚಿಕಿತ್ಸೆ ನೀಡಲು ಮೈಸೂರಿನಲ್ಲಿ 1965ರಲ್ಲೇ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಅದನ್ನು ಬಳಸಿಕೊಳ್ಳಬೇಕಷ್ಟೆ.

ಐದನೆಯ ದಿನ ನನ್ನ ಧ್ವನಿ ಮರಳಿತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಬಂಗಾರ ಎಲ್ಲರ ಕೈಗೆಟಕುವುದಿಲ್ಲ; ಗಂಟಲು ಕಟ್ಟಿದವರಿಗೆ ನಾಲ್ಕು ದಿನಗಳ ಮೌನವಾದರೂ ಎಟಕುವಂತಾಗಲಿ.