ತೋಟದ ಮನೆ ನೋಡೋಕೆ ಕಕ್ಕಡ, ಅಗ್ರಿಮೆಂಟಿಗೆ ಸೆಪ್ಟೆಂಬರ್

ವಿರಾಜಪೇಟೆ ಕಡೆ ‘ಮನೆ ಸಮೇತ ಎರಡು ಎಕರೆ ಕಾಫಿ ತೋಟ ಮಾರಾಟಕ್ಕಿದೆ’ ಅನ್ನೋ ಫೋಟೊಗಳು ನನ್ನ ವಾಟ್ಸ್‌ಆ್ಯಪ್‌ಗೆ ಜಾಸ್ತಿ ಬರೋದು ಫೆಬ್ರವರಿ, ಮಾರ್ಚ್‌ನಲ್ಲಿ. ಆಗ ದಾರಿ ಒಣಗಿರುತ್ತೆ, ಹಂಚು ಕೆಂಪಗೆ ಹೊಳೆಯುತ್ತೆ, ಹೂಮಳೆ ಬಿದ್ದಿದ್ದರೆ ತೋಟವೆಲ್ಲ ಬೆಳ್ಳಗೆ ಘಮಘಮ. ಇನ್ನೊಂದು ವಿಷಯ ಫೋಟೊದಲ್ಲಿ ಕಾಣಲ್ಲ: ಆ ವರ್ಷದ ಕಾಫಿ ಅಷ್ಟೊತ್ತಿಗೆ ಕೊಯ್ದು ಮಾರಿಯಾಗಿರುತ್ತೆ.

ನಮ್ಮಲ್ಲಿ ಹೆಚ್ಚು ಇರೋದು ರೋಬಸ್ಟಾ. ಹೂವಾದ ಮೇಲೆ ಹಣ್ಣಾಗೋಕೆ 10-11 ತಿಂಗಳು ಬೇಕು. ಮಾರ್ಚ್ ಕೊನೆಗೆ ರಿಜಿಸ್ಟ್ರೇಷನ್ ಮಾಡಿಸಿದವರು ಮುಂದಿನ ಜನವರಿವರೆಗೆ ಕಾಫಿಯ ದುಡ್ಡು ನೋಡಲ್ಲ. ಖರ್ಚು ಮಾತ್ರ ಮರುದಿನದಿಂದಲೇ ಶುರು. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಡೀಸೆಲ್, ಮೇ-ಜೂನ್‌ನಲ್ಲಿ ಮರಗಸಿ, ಗೊಬ್ಬರ, ಮೆಣಸಿನ ಬಳ್ಳಿಗೆ ಬೋರ್ಡೋ, ಮಳೆ ಬಿಟ್ಟ ಮೇಲೆ ಕಳೆ, ಡಿಸೆಂಬರ್‌ನಲ್ಲಿ ಕೊಯ್ಲಿನ ಕೂಲಿ. ಕೂಲಿಯನ್ನೂ ಕಾಫಿ ಮಾರೋಕೆ ಮೊದಲೇ ಕೊಡಬೇಕು.

ಇದರ ಮೇಲೆ ಬ್ಯಾಂಕ್ ಕಂತು. 20 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಅಂತ ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 17,350 ರೂಪಾಯಿ. ಏಪ್ರಿಲ್‌ನಿಂದ ಜನವರಿವರೆಗೆ ಹತ್ತು ಕಂತು, 1,73,500. ತೋಟ ವರ್ಷಕ್ಕೊಮ್ಮೆ ಕೊಡುತ್ತೆ, ಬ್ಯಾಂಕ್ ತಿಂಗಳಿಗೊಮ್ಮೆ ಕೇಳುತ್ತೆ. ಹೊಸಬರು ಎರಡನೇ ವರ್ಷಕ್ಕೇ ಗೊಬ್ಬರ ನಿಲ್ಲಿಸೋದು, ಹಸಿ ಹಣ್ಣನ್ನೇ ಸಿಕ್ಕ ರೇಟಿಗೆ ಕೊಟ್ಟುಬಿಡೋದು ಹೀಗೇ ಶುರುವಾಗುತ್ತೆ. ಅದು ಸೋಮಾರಿತನ ಅಲ್ಲ, ಕೈಯಲ್ಲಿ ದುಡ್ಡಿಲ್ಲ ಅಷ್ಟೇ.

ಅದಕ್ಕೇ ನನ್ನ ಸಲಹೆ: ಏಪ್ರಿಲ್‌ನಲ್ಲಿ ಬಾವಿ ನೋಡಿ, ಕಕ್ಕಡದಲ್ಲಿ ಮನೆ ನೋಡಿ, ಕೈಲ್ ಮುಹೂರ್ತ ಕಳೆದ ಮೇಲೆ ಸೆಪ್ಟೆಂಬರ್‌ನಲ್ಲಿ ಅಗ್ರಿಮೆಂಟ್ ಮಾಡಿ, ಹುತ್ತರಿಯೊಳಗೆ ರಿಜಿಸ್ಟ್ರೇಷನ್ ಮುಗಿಸಿ. ಸೆಪ್ಟೆಂಬರ್‌ಗೆ ಗಿಡದಲ್ಲಿ ಎಷ್ಟು ಕಾಯಿ ನಿಂತಿದೆ ಅಂತ ಕಣ್ಣಿಗೇ ಕಾಣುತ್ತೆ. ಮಾರುವವರು ಬೆಳೆಗೂ ಸೇರಿಸಿ ರೇಟು ಹೇಳ್ತಾರೆ, ಅದು ನ್ಯಾಯವೇ. ಆದರೆ ಎರಡು-ಮೂರು ತಿಂಗಳಲ್ಲಿ ನಿಮ್ಮ ಕಣದಲ್ಲಿ ನಿಮ್ಮದೇ ಕಾಫಿ ಒಣಗ್ತಿರುತ್ತೆ.

ಕಕ್ಕಡ ಯಾಕೆ?

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಈ ತಿಂಗಳಲ್ಲಿ ಮನೆ ಏನನ್ನೂ ಮುಚ್ಚಿಡೋಕಾಗಲ್ಲ. ಮೊದಲು ಹಿಂಬದಿಗೆ ಹೋಗಿ. ಗುಡ್ಡ ಕಡಿದು ಸಮತಟ್ಟು ಮಾಡಿ ಕಟ್ಟಿದ ಮನೆಯಾದರೆ ಹಿಂದೆ ಬರೆ ಇರುತ್ತೆ. ಬರೆಯ ತಲೆ ಮೇಲೆ ಬಿರುಕು ಇದೆಯಾ, ಮರಗಳು ಮನೆ ಕಡೆ ವಾಲಿವೆಯಾ, ಬುಡದಿಂದ ಕೆಸರು ನೀರು ಬರ್ತಿದೆಯಾ ನೋಡಿ. ತಿಳಿನೀರಿನ ಒರತೆ ಪ್ರತಿವರ್ಷ ಒಂದೇ ಜಾಗದಲ್ಲಿ ಬರ್ತಿದ್ದರೆ ಅಷ್ಟು ಹೆದರಬೇಕಿಲ್ಲ. ಹೊಸ ಜಾಗದಲ್ಲಿ ಮಣ್ಣು ಬೆರೆತ ನೀರು ಬಂದರೆ ಆ ಮನೆ ಬೇಡ. ಆಮೇಲೆ ಒಳಗೆ ಬಂದು ನೆಲ ಮುಟ್ಟಿ ನೋಡಿ, ಜಲ ಎದ್ದಿದ್ದರೆ ಕೈಗೇ ಗೊತ್ತಾಗುತ್ತೆ.

ಇದು ಬರೀ ಹೆದರಿಸೋ ಮಾತಲ್ಲ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ತೋರ ಗ್ರಾಮದಲ್ಲಿ ಗುಡ್ಡ ಕುಸಿದು ಮನೆಗಳು ಮಣ್ಣಿನಡಿ ಹೋದವು, ಜೀವಗಳೂ ಹೋದವು. ಅದೇ ಮಳೆಗೆ ಸಿದ್ದಾಪುರದ ಹತ್ತಿರ ಕರಡಿಗೋಡು, ಗುಹ್ಯದಲ್ಲಿ ಕಾವೇರಿ ಮನೆಗಳಿಗೆ ನುಗ್ಗಿತ್ತು. ಅಪಾಯ ಇರೋ ಕಡೆಯ ಕುಟುಂಬಗಳಿಗೆ ಮಳೆಗಾಲದಲ್ಲಿ ಜಾಗ ಖಾಲಿ ಮಾಡಿ ಅಂತ ನೋಟಿಸ್ ಕೊಡ್ತಾರೆ. ನೀವು ನೋಡಿದ ಮನೆಗೆ ಅಂಥ ನೋಟಿಸ್ ಬಂದಿತ್ತಾ ಅಂತ ಪಂಚಾಯಿತಿಯಲ್ಲಿ ಕೇಳಿ. ಬ್ರೋಕರ್ ಹತ್ತಿರ ಕೇಳಿ ಪ್ರಯೋಜನವಿಲ್ಲ. ಪಕ್ಕದ ಲೈನ್‌ಮನೆಯಲ್ಲಿ ಹತ್ತಾರು ವರ್ಷದಿಂದ ಇರೋ ಅಜ್ಜಿಯನ್ನು ‘ಅಜ್ಜಿ, ಜೋರು ಮಳೆಗೆ ನೀರು ಎಲ್ಲಿವರೆಗೆ ಬರುತ್ತೆ?’ ಅಂತ ಕೇಳಿ, ಕೈ ಮಾಡಿ ತೋರಿಸ್ತಾರೆ.

ಆನೆ ವಿಷಯವನ್ನೂ ಅವರ ಹತ್ತಿರವೇ ಕೇಳಿ. ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರ ಕಡೆ ಅಂಗಳದಲ್ಲಿ ಹಲಸಿನ ಮರ ಇದ್ದರೆ ಹಣ್ಣಿನ ಕಾಲದಲ್ಲಿ ಆನೆ ಬರೋ ಸಾಧ್ಯತೆ ಹೆಚ್ಚು.

ಗಿಡದ ಮೇಲಿರೋದು ಯಾರದ್ದು?

ಅಗ್ರಿಮೆಂಟ್ ಆದ ಕೂಡಲೇ ತೋಟ ನಮ್ಮದಾಯ್ತು ಅಂತ ತುಂಬ ಹುಡುಗರು ಅಂದುಕೊಂಡಿದ್ದಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ ಅಗ್ರಿಮೆಂಟ್ ಒಂದರಿಂದಲೇ ಜಮೀನಿನ ಹಕ್ಕು ಬರಲ್ಲ, ಕ್ರಯಪತ್ರ ನೋಂದಣಿಯಾಗಬೇಕು. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಅಡ್ವಾನ್ಸ್ ಕೊಟ್ಟು, ರಿಜಿಸ್ಟ್ರೇಷನ್ ಫೆಬ್ರವರಿಗೆ ಎಳೆದರೆ ಮಧ್ಯದ ಕೊಯ್ಲಿನ ಮೇಲೆ ಜಗಳ ಗ್ಯಾರಂಟಿ. ಬರೆಸಿಬಿಡಿ: ಗಿಡದಲ್ಲಿರುವ ಕಾಫಿ ಯಾರಿಗೆ, ಬಳ್ಳಿಯಲ್ಲಿರುವ ಮೆಣಸು ಯಾರಿಗೆ, ಅಲ್ಲಿವರೆಗಿನ ಕಳೆ-ಗೊಬ್ಬರದ ಖರ್ಚು ಯಾರದ್ದು. ಮೆಣಸನ್ನು ಬೇರೆಯಾಗಿಯೇ ಬರೆಸಿ, ಅದರ ಕೊಯ್ಲು ಕಾಫಿ ಮುಗಿದ ಮೇಲೂ ಏಪ್ರಿಲ್‌ವರೆಗೆ ನಡೆಯುತ್ತೆ. ಬಾಯಿಮಾತಿನ ‘ನೋಡೋಣ ಬಿಡಿ’ ಸಾಕಾಗಲ್ಲ.

ಕಾಗದದ ವಿಷಯ

ಪಹಣಿ ‘ಭೂಮಿ’ ವೆಬ್‌ಸೈಟ್‌ನಲ್ಲಿ, ಋಣಭಾರ ಪತ್ರ ‘ಕಾವೇರಿ’ಯಲ್ಲಿ, ನಿಂತ ಜಾಗದ ಸರ್ವೆ ನಂಬರ್ ‘ದಿಶಾಂಕ್’ ಆ್ಯಪ್‌ನಲ್ಲಿ, ಎಲ್ಲ ಮೊಬೈಲ್‌ನಲ್ಲೇ ಸಿಗುತ್ತೆ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ನೋಡಿ. ಕೊಡಗಿನಲ್ಲಿ ಇಷ್ಟಕ್ಕೇ ಮುಗಿಯಲ್ಲ. ಜಮ್ಮಾ ಜಮೀನಾದರೆ ಪಟ್ಟೇದಾರರ ಜೊತೆ ಕುಟುಂಬದ ಬೇರೆಯವರ ಹೆಸರುಗಳೂ ಇರುತ್ತವೆ. ಒಬ್ಬರ ಸಹಿ ನಂಬಿ ದುಡ್ಡು ಕೊಡಬೇಡಿ, ಇಲ್ಲಿನ ಜಮೀನು ಗೊತ್ತಿರೋ ವಕೀಲರಿಗೆ ತೋರಿಸಿ. ಬಾಣೆ ಜಾಗ ‘ರಿಡೀಮ್ಡ್’ ಹೌದೋ ಅಲ್ಲವೋ ಅಂತಲೂ ಕೇಳಿ. ಅಲ್ಲದಿದ್ದರೆ ನೆರಳಿಗೆ ನಿಂತ ಕಾಡುಮರಗಳ ಹಕ್ಕು ಸರ್ಕಾರದ್ದು, ಆ ಮರಗಳಿಗೂ ಸೇರಿಸಿ ರೇಟು ಹೇಳಿದರೆ ನೀವು ಇಲ್ಲದ್ದಕ್ಕೆ ದುಡ್ಡು ಕೊಟ್ಟ ಹಾಗೆ.

ಬ್ಯಾಂಕ್ ಗೃಹಸಾಲಕ್ಕೆ ಸಾಮಾನ್ಯವಾಗಿ ಮನೆ ಜಾಗದ ಕನ್ವರ್ಷನ್ ಮತ್ತು ಪಂಚಾಯಿತಿಯ ಇ-ಸ್ವತ್ತು ದಾಖಲೆ ಕೇಳುತ್ತೆ. ರೈತ ತನ್ನ ಜಮೀನಿನಲ್ಲಿ ವಾಸಕ್ಕೆ ಕಟ್ಟಿದ ಹಳೇ ತೋಟದ ಮನೆಗೆ ಇವೆರಡೂ ಇಲ್ಲದಿರಬಹುದು. ಅಡ್ವಾನ್ಸ್ ಕೊಡೋಕೆ ಮೊದಲೇ ಬ್ಯಾಂಕಿನವರಿಗೆ ದಾಖಲೆ ತೋರಿಸಿ.

ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಅರ್ಜಿ ಹಾಕಬೇಕಾದವರು ಮಾರುವವರು, ಅಳತೆಗೆ ಸರ್ವೆಯರ್ ತೋಟಕ್ಕೆ ಬರಬೇಕು. ಜೋರು ಮಳೆಯಲ್ಲಿ ಆ ಕೆಲಸ ಸಾಗಲ್ಲ. ಏಪ್ರಿಲ್‌ನಲ್ಲಿ ಬಾವಿ ನೋಡೋಕೆ ಹೋದಾಗಲೇ ‘ನಕ್ಷೆ ಆಗಿದೆಯಾ?’ ಅಂತ ಕೇಳಿ. ಇಲ್ಲ ಅಂದರೆ ಆ ತಿಂಗಳಲ್ಲೇ ಅರ್ಜಿ ಹಾಕಿಸಿ.