ಎಲ್ಲಿ ಬಡಿದರೆ ನುಡಿಯುತ್ತದೆ

ಭತ್ತದ ಕೊಯ್ಲು ಮುಗಿದ ಮೇಲೆ ಸಿರುಗುಪ್ಪ ತಾಲ್ಲೂಕಿನ ರಾತ್ರಿಗಳ ಬಣ್ಣವೇ ಬೇರೆ. ತುಂಗಭದ್ರೆಯ ಕಾಲುವೆ ನೀರುಂಡ ಗದ್ದೆಗಳಲ್ಲಿ ಬರೀ ಕೂಳೆ. ರೈಸ್‌ಮಿಲ್ಲಿನ ಹೊಟ್ಟಿನ ವಾಸನೆ ಗಾಳಿಗೆ ಸೇರಿಕೊಂಡಿರುತ್ತದೆ. ಊರ ಮುಂದಿನ ಬಯಲಿನಲ್ಲಿ ತಗಡಿನ ಮರೆ ಕಟ್ಟಿ, ಪರದೆ ಇಳಿಬಿಟ್ಟು, ಹತ್ತು ಗಂಟೆಗೆ ನಾಟಕ ಎಂದು ಸಂಜೆಯಿಂದಲೂ ಮೈಕಿನಲ್ಲಿ ಕೂಗುತ್ತಿರುತ್ತಾರೆ. ಶುರುವಾಗುವುದು ಹನ್ನೊಂದರ ಮೇಲೆಯೇ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ಈ ಸೀಮೆಯ ಹಳ್ಳಿಗಳಿಗೆ ಇನ್ನೂ ಹಳತಾಗಿಲ್ಲ. ಹೆಣ್ಣುಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬಂದಿದ್ದಾರೆ. ದುರ್ಯೋಧನ ಊರಿನವನೇ, ಹಗಲು ಟ್ರ್ಯಾಕ್ಟರ್ ಹೊಡೆದು ಬಂದು ರಾತ್ರಿ ಕಿರೀಟ ಇಟ್ಟಿದ್ದಾನೆ.

ಜನರ ಕಣ್ಣೆಲ್ಲ ಆ ಕಿರೀಟದ ಮೇಲೆ. ನನ್ನ ಕಣ್ಣು ರಂಗದ ಬದಿಗೆ ಹೋಗುತ್ತದೆ. ಅಲ್ಲಿ ಹಾರ್ಮೋನಿಯಂ ಮಾಸ್ತರರ ಪಕ್ಕ ಕ್ಯಾಸಿಯೊ, ಕ್ಯಾಸಿಯೊದ ಪಕ್ಕ ತಬಲಾ, ಎಲ್ಲಕ್ಕೂ ಕೊನೆಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ರಿದಂ ಪ್ಯಾಡ್. ಎಂಟು ಚೌಕಗಳ ಕಪ್ಪು ಹಲಗೆ, ಎರಡು ಕಡ್ಡಿ, ಅದರ ಹಿಂದೆ ಒಬ್ಬ ಹುಡುಗ. ಒಂದು ಚೌಕಕ್ಕೆ ಬಡಿದರೆ ಸಿಡಿಲು, ಇನ್ನೊಂದಕ್ಕೆ ಬಡಿದರೆ ಡೊಳ್ಳು, ಮತ್ತೊಂದರಲ್ಲಿ ಗಾಜು ಒಡೆಯುವ ಸದ್ದು. ಅಶ್ವತ್ಥಾಮ ಕತ್ತಿ ಹಿರಿಯಲು ಸೊಂಟಕ್ಕೆ ಕೈ ಹಾಕಿದ್ದಾನೆ, ಕತ್ತಿ ಒರೆಯಲ್ಲಿ ಸಿಕ್ಕಿಕೊಂಡಿದೆ. ಹುಡುಗ ಬಡಿಯಬೇಕಾದ ಪೆಟ್ಟನ್ನು ತಡೆದು ಹಿಡಿಯುತ್ತಾನೆ; ಎಡಗೈಯಲ್ಲಿ ಸಣ್ಣಗೆ ಒಂದು ಗುಡುಗು ಉರುಳಿಸುತ್ತಾನೆ. ಕತ್ತಿ ಹೊರಬಂದ ಕ್ಷಣಕ್ಕೆ ಬಲಗೈ ಬೀಳುತ್ತದೆ. ಸಭೆಯಲ್ಲಿ ಸಿಳ್ಳೆ. ತಡವಾದದ್ದು ಯಾರಿಗೂ ತಿಳಿಯಲೇ ಇಲ್ಲ, ಆ ತಡವೇ ನಾಟಕದ ಬಿಗುವಾಯಿತು.

ಇವನ ಎದುರಿಗೆ ಬರೆದಿಟ್ಟ ಕಾಗದವಿಲ್ಲ. ನಟನ ಪಾದ ನೋಡಿಕೊಂಡು ಬಾರಿಸಬೇಕು. ಮಾತು ಮರೆತು ನಿಂತವನನ್ನು ತಾಳದ ಮೇಲೆ ದಡ ಮುಟ್ಟಿಸಬೇಕು. ‘ತಮ್ಮಾ, ಸಿಡ್ಲು ಬಿಡು!’ ಎಂದು ಮಾಸ್ತರರು ಹಲ್ಲು ಕಚ್ಚಿ ಪಿಸುಗುಟ್ಟುವ ಹೊತ್ತಿಗೆ ಸಿಡಿಲು ಬಿದ್ದಾಗಿರಬೇಕು. ಆಮೇಲೆ ಬೆಳಗಿನ ಜಾವದವರೆಗೂ ಎಚ್ಚರವಿರಬೇಕು.

ಇಂಥ ಹುಡುಗರ ವೃತ್ತಿಯ ಮೊದಲ ಪಾಠ ಬಹಳ ಸಲ ಮೊಹರಂನ ಬೆಂಕಿಗುಂಡಿಯಾದ ಅಲಾಯಿ ಕುಣಿಯ ಸುತ್ತ ಆಗುತ್ತದೆ. ಮೊಹರಂ ಈ ಕಡೆಯ ಹಳ್ಳಿಗಳಲ್ಲಿ ಎಲ್ಲ ಜಾತಿಯವರ ಹಬ್ಬ. ಬೆಂಕಿಯ ಪಕ್ಕ ಹಲಗೆ ಹಿಡಿದು ಚರ್ಮ ಕಾಯಿಸುವುದನ್ನು ಹುಡುಗ ಮೊದಲು ಕಲಿಯುತ್ತಾನೆ. ಚರ್ಮ ಹೆಚ್ಚು ಕಾದರೆ ಸೀಳುತ್ತದೆ, ಕಡಿಮೆ ಕಾದರೆ ದನಿ ಮಂಕಾಗುತ್ತದೆ. ಎರಡರ ನಡುವಿನ ಬಿಸಿ ಬೆರಳಿಗೆ ಗೊತ್ತಾಗಬೇಕು. ಆಮೇಲೆ ಗುಡಿಯ ಭಜನೆಯಲ್ಲಿ ಢೋಲಕ್, ಮದುವೆ ಮೆರವಣಿಗೆಯಲ್ಲಿ ತಾಷಾ, ಬಳ್ಳಾರಿಯ ಯಾವುದೋ ಆರ್ಕೆಸ್ಟ್ರಾದಲ್ಲಿ ಒಂದು ಮೂಲೆ. ಪ್ಯಾಡ್ ಕೈಗೆ ಬರುವುದು ಸಾಲ ಮಾಡಿ, ಹೆಚ್ಚಾಗಿ ಯಾರೋ ಬಳಸಿ ಬಿಟ್ಟದ್ದು. ಜಪಾನಿನ ರೋಲ್ಯಾಂಡ್ ಕಂಪನಿ 1985ರಲ್ಲಿ ಆಕ್ಟಾಪ್ಯಾಡ್ ಹೊರತಂದಾಗ ಅದರ ಗಿರಾಕಿಗಳು ದೊಡ್ಡ ಊರಿನ ಸ್ಟುಡಿಯೋದವರು, ರಾಕ್ ಬ್ಯಾಂಡಿನವರು. ಆ ಯಂತ್ರದ ಸಂತತಿ ಈಗ ಹಗರಿ ದಂಡೆಯ ಹಳ್ಳಿಯಲ್ಲಿ ಮಹಾಭಾರತಕ್ಕೆ ಸಿಡಿಲು ಒದಗಿಸುತ್ತಿದೆ. ಅದರ ಜೊತೆ ಬಂದ ದನಿಗಳು ಈ ಹುಡುಗರಿಗೆ ಸಾಲುವುದಿಲ್ಲ. ತಮ್ಮೂರಿನ ಹಲಗೆಯ ಏಟನ್ನು ಮೊಬೈಲಿನಲ್ಲಿ ಹಿಡಿದು, ಕತ್ತರಿಸಿ, ಪ್ಯಾಡಿನೊಳಗೆ ತುಂಬಿಕೊಳ್ಳುವವರಿದ್ದಾರೆ. ನಗರಗಳಲ್ಲಿ ಇದೇ ಕೆಲಸಕ್ಕೆ ಪ್ರಯೋಗಶೀಲ ಸಂಗೀತ ಎನ್ನುತ್ತಾರೆ, ಟಿಕೆಟ್ ಇಡುತ್ತಾರೆ. ಇಲ್ಲಿ ನಾಟಕದ ಬ್ಯಾನರಿನಲ್ಲಿ ‘ರಿದಂ ಪ್ಯಾಡ್’ ಎಂದು ಬರೆದು ಮುಂದೆ ಒಂದು ಹೆಸರು. ಅದೂ ಎಲ್ಲರದ್ದೂ ಮುಗಿದ ಮೇಲೆ, ಸಣ್ಣ ಅಕ್ಷರದಲ್ಲಿ.

ತಾಳದವರು ಹಿಂದೆ ಉಳಿಯುವುದು ಬಳ್ಳಾರಿಗೆ ಹೊಸದಲ್ಲ. 2014ರಲ್ಲಿ ತೀರಿಕೊಂಡ ದರೋಜಿ ಈರಮ್ಮ ಬುರ್ರಕಥೆಯ ಮಹಾಕಾವ್ಯಗಳನ್ನು ನೆನಪಿನಿಂದಲೇ ಹಾಡಿ ನಾಡಿನ ಮನ್ನಣೆ ಪಡೆದ ದೊಡ್ಡ ಜೀವ. ಆ ಮನ್ನಣೆ ಕಡಿಮೆಯೇ ಆಯಿತು ಎಂದು ನಾನು ನಂಬಿದ್ದೇನೆ. ಆದರೆ ಕತೆಯ ಕಾಲು ನಿಲ್ಲದಂತೆ ಪಕ್ಕದಲ್ಲಿ ಕೂತು ಬಾರಿಸುತ್ತಿದ್ದ ಜೊತೆಗಾರರನ್ನು ಹೆಸರಿಟ್ಟು ಕರೆಯಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಇಲ್ಲಿ ಇನ್ನೊಬ್ಬ ಡ್ರಮ್ಮರ್‌ನ ದಾರಿ ಹೇಳಬೇಕು. ರಮೇಶ್ ಶೋಥಮ್ ಹುಟ್ಟಿದ್ದು 1948ರಲ್ಲಿ, ಮದರಾಸಿನಲ್ಲಿ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಕಿವಿಗಳನ್ನು ಎಬ್ಬಿಸಿದ ‘ಹ್ಯೂಮನ್ ಬಾಂಡೇಜ್’ ಎಂಬ ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಅವರದು, ಗಿಟಾರ್ ಅವರ ಸೋದರನದು. ಬ್ಯಾಂಡಿನ ಹಾದಿಯಲ್ಲಿ ಹೆಸರು ಬಂದ ಮೇಲೆ ಅವರು ಮಾಡಿದ್ದು ಇದು: ಬೆಂಗಳೂರಿನ ಕರ್ನಾಟಕ ತಾಳವಾದ್ಯ ಕಾಲೇಜಿಗೆ ಹೋಗಿ ತವಿಲ್ ಕಲಿಯಲು ಕೂತರು. ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಸಂಸ್ಥೆ ಅದು. ಹತ್ತಾರು ಡ್ರಮ್ಮುಗಳ ನಡುವೆ ಕಡ್ಡಿ ಆಡಿಸಿದ ಕೈ, ಬೆರಳಿಗೆ ಗಟ್ಟಿ ಟೊಪ್ಪಿಗೆ ಹಾಕಿಕೊಂಡು ಒಂದೇ ವಾದ್ಯದ ಎರಡು ಮುಖಗಳಲ್ಲಿ ಲೆಕ್ಕ ಹಿಡಿಯಲು ತೊಡಗಿತು. ಪ್ರಯೋಗವೆಂದರೆ ಹೊಸ ಸಲಕರಣೆ ಎಂದು ನಂಬಿದ್ದ ಕಾಲದಲ್ಲಿ ಒಬ್ಬ ರಾಕ್ ಡ್ರಮ್ಮರ್ ಗುರುವಿನ ಮುಂದೆ ಕೂತು ಎಣಿಕೆ ಕಲಿತದ್ದು ಸಣ್ಣ ಸಂಗತಿಯಲ್ಲ.

ಅದೇ ಹೊತ್ತಿಗೆ ಜರ್ಮನಿಯಿಂದ ಇನ್ನೊಬ್ಬ ಡ್ರಮ್ಮರ್ ಇತ್ತ ಹೊರಟಿದ್ದ. ಮ್ಯೂನಿಕ್ಕಿನಲ್ಲಿ 1969ರಲ್ಲಿ ‘ಎಂಬ್ರಿಯೋ’ ಎಂಬ ಪ್ರಯೋಗಶೀಲ ರಾಕ್ ಬ್ಯಾಂಡ್ ಕಟ್ಟಿದ ಕ್ರಿಸ್ಟಿಯನ್ ಬುರ್ಚಾರ್ಡ್ ಆತ. 1978ರಲ್ಲಿ ಅವನ ತಂಡ ಬಸ್ಸು ಹತ್ತಿ ತುರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನದ ಮೇಲೆ ಭಾರತಕ್ಕೆ ಬಂತು. ಸಿಕ್ಕಲ್ಲೆಲ್ಲ ಅಲ್ಲಿನ ವಾದಕರ ಜೊತೆ ಕೂತು ನುಡಿಸುತ್ತ ಬಂತು. ಮಣಿ ಅವರ ತಾಳವಾದ್ಯ ತಂಡದ ಜೊತೆ ಎಂಬ್ರಿಯೋದ ಮುದ್ರಿಕೆಯೂ ಹೊರಬಂತು. ಶೋಥಮ್ ಎಂಬ್ರಿಯೋ ಜೊತೆ ನುಡಿಸಿದರು, ಜರ್ಮನಿಯಲ್ಲೇ ನೆಲೆ ನಿಂತರು, ಯುರೋಪಿನ ಜಾಝ್ ವೇದಿಕೆಗಳಲ್ಲಿ ತವಿಲ್, ಘಟ, ಕಂಜಿರಗಳ ದನಿ ಕೇಳಿಸಿದರು. ಬುರ್ಚಾರ್ಡ್ ದಶಕಗಳ ಕಾಲ ಆ ಬ್ಯಾಂಡನ್ನು ಕೈಬಿಡಲಿಲ್ಲ, 2018ರಲ್ಲಿ ತೀರಿಕೊಂಡ. ಈಗ ಅವನ ಮಗಳು ಮಾರ್ಯಾ ಅದನ್ನು ನಡೆಸುತ್ತಾಳೆ.

ಶೋಥಮ್ ಯಂತ್ರ ಮತ್ತು ಗದ್ದಲದಿಂದ ಚರ್ಮದ ಕಡೆಗೆ ಬಂದರು. ಸಿರುಗುಪ್ಪದ ಹುಡುಗ ಚರ್ಮದಿಂದ ಹೊರಟು ಯಂತ್ರದ ಕಡೆಗೆ ಹೋದ. ಇಬ್ಬರದ್ದೂ ಒಂದೇ ಹುಡುಕಾಟ ಎಂದು ನನಗೆ ತೋರುತ್ತದೆ: ಕೈಗೆ ಸಿಕ್ಕ ವಸ್ತುವಿನಿಂದ ಇನ್ನೂ ಯಾವ ದನಿ ಹೊರಡಬಹುದು?

ಕುರುಗೋಡಿನ ದೊಡ್ಡಬಸವೇಶ್ವರನ ತೇರಿನ ದಿನ ಈ ಹುಡುಕಾಟಕ್ಕೆ ಎಡೆಯಿಲ್ಲ. ಒಂದೇ ಕಲ್ಲಿನಲ್ಲಿ ಕಡೆದ ಭಾರಿ ಬಸವ ಗರ್ಭಗುಡಿಯನ್ನೆಲ್ಲ ತುಂಬಿ ಕೂತಿದ್ದಾನೆ. ಹೊರಗೆ ಬಿಸಿಲು, ಉತ್ತತ್ತಿ, ಬಾಳೆಹಣ್ಣು, ಧೂಳು. ಸಮ್ಮಾಳದವರು ತಮ್ಮ ಅಜ್ಜಂದಿರು ಬಾರಿಸಿದ ವರಸೆಯನ್ನೇ ಬಾರಿಸುತ್ತಾರೆ, ನಂದಿಕೋಲು ಅದಕ್ಕೇ ತೂಗುತ್ತದೆ. ಅಲ್ಲಿ ಬದಲಾವಣೆ ಬೇಡ. ತೇರಿನ ಮಿಣಿ ಹಿಡಿದ ಸಾವಿರ ಕೈಗಳು ಒಟ್ಟಿಗೆ ಜಗ್ಗುವುದು ಆ ಏಟಿನ ನಂಬಿಕೆಯ ಮೇಲೆ. ಒಬ್ಬ ಮುದುಕರ ತೋಳಿನಲ್ಲಿ ನರ ಉಬ್ಬಿದೆ, ಬೆವರು ಮೊಳಕೈಯಿಂದ ವಾದ್ಯದ ಮೇಲೆಯೇ ಇಳಿಯುತ್ತಿದೆ. ಏಟು ಮಾತ್ರ ಹದ ತಪ್ಪಿಲ್ಲ. ಇತ್ತೀಚೆಗೆ ಮೆರವಣಿಗೆಗಳಲ್ಲಿ ಡಿಜೆ ಲಾರಿಗಳ ಎದುರು ಈ ವಾದ್ಯಗಳು ಕೇಳದೇ ಹೋಗುವುದು ನನಗೆ ಸಹಿಸಲಾಗದ ಸಂಗತಿ.

ಬಳ್ಳಾರಿ ನಗರದ ಪಕ್ಕದಲ್ಲೇ, ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಲ್ಲಿ, ಬಡಿದು ನುಡಿಸುವ ಈ ಕಸುಬಿನ ಅತಿ ಹಳೆಯ ಗುರುತುಗಳಿವೆ. ಹಿರೇಗುಡ್ಡದ ಕಣಶಿಲೆಯ ನಡುವೆ ಕರಿಯ ಡೊಲೆರೈಟ್ ಬಂಡೆಗಳ ಸಾಲೊಂದು ಎದ್ದಿದೆ. ನವಶಿಲಾಯುಗದ ದನಗಾಹಿಗಳು ಆ ಕಲ್ಲಿನಿಂದ ಕೊಡಲಿ ಮಾಡಿದರು. ಅದರ ಮೈಮೇಲೆ ಉದ್ದ ಕೊಂಬಿನ, ಡುಬ್ಬದ ಗೂಳಿಗಳನ್ನು ಕುಟ್ಟಿ ಮೂಡಿಸಿದರು. ಈ ಚಿತ್ರಗಳ ಮೊದಲ ವರದಿ 1892ರದು. ಸಂಶೋಧಕಿ ನಿಕೋಲ್ ಬೋವಿನ್ 2004ರಲ್ಲಿ ಬರೆದ ಲೇಖನ ಲೋಕದ ಗಮನವನ್ನು ಇನ್ನೊಂದು ವಿಷಯಕ್ಕೆ ಎಳೆಯಿತು: ಇಲ್ಲಿನ ಕೆಲವು ಬಂಡೆಗಳು ನುಡಿಯುತ್ತವೆ. ಅವುಗಳ ಮೇಲೆ ಗುಳಿಗಳಿವೆ. ಕಣಶಿಲೆಯ ಗುಂಡುಕಲ್ಲಿನಿಂದ ಗುಳಿಯಿದ್ದ ಕಡೆ ಬಡಿದರೆ ಕಂಚಿನ ಜಾಗಟೆಯಂಥ ನಾದ ಏಳುತ್ತದೆ.

ಮುಂಜಾನೆ ಆ ಗುಡ್ಡದಲ್ಲಿ ನಿಂತರೆ ಕೆಳಗೆ ಹೊಲಗಳು, ದೂರದಲ್ಲಿ ಬಳ್ಳಾರಿಯ ಕೋಟೆಗುಡ್ಡ. ಗೂಳಿಗಳ ಕೆಲವು ಚಿತ್ರಗಳು ಬಂಡೆಯ ಎಂಥ ಮಗ್ಗುಲಲ್ಲಿವೆಯೆಂದರೆ, ಕುಟ್ಟಿದವನು ಮೇಲಿನಿಂದ ಜೋತುಬಿದ್ದೇ ಕುಟ್ಟಿರಬೇಕು. ಸುತ್ತ ಇಷ್ಟೊಂದು ಕಲ್ಲುಗಳಿವೆ, ನುಡಿಯುವವು ಕೆಲವೇ. ಅವನ್ನು ಕಂಡುಕೊಳ್ಳಲು ಯಾರೋ ಒಂದೊಂದನ್ನೂ ತಟ್ಟುತ್ತ ನಡೆದಿರಬೇಕು. ಗುಳಿ ಆಳವಾಗಲು ಒಬ್ಬನ ಆಯುಷ್ಯ ಸಾಲದು. ಇಲ್ಲಿ ಬಡಿ, ಇಲ್ಲೇ ಬಡಿ ಎಂದು ಹಿರಿಯರು ಕಿರಿಯರಿಗೆ ತೋರಿಸುತ್ತ ಬಂದಿರಬೇಕು ಎಂದೇ ನನ್ನ ಎಣಿಕೆ.

ಗುಡ್ಡದ ಕೆಲವು ಭಾಗಗಳನ್ನು ಕಲ್ಲುಗಣಿಗಾರಿಕೆ ಆಗಲೇ ಕೆಡಿಸಿದೆ. ಚಿತ್ರವಿರುವ ಬಂಡೆಯನ್ನು ಮಾತ್ರ ಉಳಿಸಿ, ಸುತ್ತ ಒಡೆದರೆ ಏನಾಯಿತು ಎಂದು ಕೇಳುವವರಿದ್ದಾರೆ. ಈ ಕಲ್ಲುಗಳು ನುಡಿಯುವುದು ಅವು ಕೂತ ರೀತಿಯಿಂದ. ಗಟ್ಟಿಯಾದ, ಬಿಗಿ ಕಣದ ಬಂಡೆ ಕೆಳಗಿನ ಕಲ್ಲುಗಳಿಗೆ ಒಂದೆರಡು ಕಡೆ ಮಾತ್ರ ತಾಗಿ, ಉಳಿದ ಮೈಯೆಲ್ಲ ಗಾಳಿಯಲ್ಲಿ ಬಿಡುವಾಗಿದ್ದರೆ ಪೆಟ್ಟು ಬಿದ್ದಾಗ ಇಡೀ ಬಂಡೆ ಕಂಪಿಸುತ್ತದೆ. ಪಕ್ಕದಲ್ಲಿ ಸಿಡಿಮದ್ದು ಸಿಡಿಸಿ ಕೆಳಗಿನ ಆಸರೆಗಲ್ಲು ಒಂದು ಗೇಣು ಸರಿದರೂ ಸಾಕು, ಚಿತ್ರ ಹಾಗೇ ಉಳಿಯಬಹುದು, ನಾದ ಹೋಗುತ್ತದೆ.