ವಿಶಿಷ್ಟ ಕಾಫಿ: ಹಳೆಯ ತಳಿ, ಸಣ್ಣ ಕಣ ಮತ್ತು ಊರಿನ ಹಳ್ಳ

ತಂದೆಯ ತೋಟಕ್ಕೆ ಮರಳುವ ಯುವ ಬೆಳೆಗಾರರಲ್ಲಿ ಕೆಲವರು, ಇಡೀ ಫಸಲನ್ನು ಒಂದೇ ರಾಶಿಯಾಗಿ ವ್ಯಾಪಾರಿಗೆ ಮಾರುವುದನ್ನು ಬಿಟ್ಟು, ಆಯ್ದ ಗಿಡಗಳ ಹಣ್ಣನ್ನು ಬೇರೆಯಾಗಿ ಕೊಯ್ದು, ತಮ್ಮ ಕಣದಲ್ಲಿಯೇ ಸಂಸ್ಕರಿಸಿ, ಕಾಫಿ ಹುರಿಯುವವರಿಗೆ ನೇರವಾಗಿ ಒದಗಿಸುತ್ತಿದ್ದಾರೆ. ರುಚಿ ಪರೀಕ್ಷೆಯಲ್ಲಿ 100ಕ್ಕೆ 80 ಅಥವಾ ಹೆಚ್ಚಿನ ಅಂಕ ಪಡೆದ ಇಂತಹ ಕಾಫಿಯನ್ನು ಸ್ಪೆಷಾಲಿಟಿ ಕಾಫಿ ಎನ್ನುತ್ತಾರೆ. ತೋಟ ಖಾಸಗಿ ಸ್ವತ್ತು. ಆದರೆ ತೋಟದಿಂದ ಹೊರಬರುವ ನೀರು ಊರಿನದು. ಆದ್ದರಿಂದ ಈ ಕಸುಬಿನ ಸ್ವರೂಪವನ್ನು ಸದಸ್ಯರು ತಿಳಿದಿರುವುದು ಅಗತ್ಯ.

ಮಲೆನಾಡಿನ ಹಳೆಯ ತಳಿಗಳಲ್ಲಿ ಕೆಂಟ್ ಪ್ರಮುಖವಾದುದು. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ತೋಟವೊಂದರಲ್ಲಿ ಆಯ್ಕೆಯಾದ ಈ ಅರೇಬಿಕಾ, ಎಲೆತುಕ್ಕು ರೋಗವನ್ನು ಕೆಲಕಾಲ ತಡೆದು, ಅನಂತರ ಆ ಶಕ್ತಿಯನ್ನು ಕಳೆದುಕೊಂಡಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸ್ಥಾಪಿತವಾದ ಸಂಶೋಧನಾ ಕೇಂದ್ರವು ಕೆಂಟ್ ಮತ್ತು ಎಸ್.288 ತಳಿಗಳನ್ನು ಸಂಕರಿಸಿ ರೂಪಿಸಿದ ಎಸ್.795 ಇಂದಿಗೂ ವ್ಯಾಪಕವಾಗಿದೆ. ಅಪ್ಪಟ ಕೆಂಟ್ ಮಾತ್ರ ವಿರಳ. ರೋಗ, ಬಿಳಿ ಕಾಂಡಕೊರಕ ಎರಡಕ್ಕೂ ತುತ್ತಾಗುವ ಗಿಡವನ್ನು ಕೇವಲ ರುಚಿಗಾಗಿ ಉಳಿಸಿಕೊಳ್ಳುವುದು ಸಣ್ಣ ಬೆಳೆಗಾರನಿಗೆ ಸುಲಭದ ನಿರ್ಧಾರವಲ್ಲ. ಹಳೆಯ ಗಿಡವೆಲ್ಲ ಕೆಂಟ್ ಅಲ್ಲವೆಂಬುದನ್ನೂ ಇಲ್ಲಿ ಹೇಳಬೇಕು; ತಜ್ಞರಿಂದ ಖಚಿತಪಡಿಸಿಕೊಳ್ಳದೆ ಆ ಹೆಸರಿನಲ್ಲಿ ಮಾರುವುದು ತರವಲ್ಲ.

ಸುಮಾರು 6 ಕಿಲೋ ಹಣ್ಣಿನಿಂದ 1 ಕಿಲೋ ಕಾಫಿ ಬೀಜ ದೊರೆಯುತ್ತದೆ. ಎಂದರೆ 50 ಕಿಲೋದ ಒಂದು ಮೂಟೆಗೆ 300 ಕಿಲೋ ಹಣ್ಣು, ಅದೂ ಪೂರ್ಣ ಕೆಂಪಾದದ್ದು ಮಾತ್ರ ಬೇಕು. ಒಂದೇ ಗಿಡಕ್ಕೆ ಮೂರು ನಾಲ್ಕು ಬಾರಿ ಆಳು ಹೋಗಬೇಕಾಗುತ್ತದೆ. ಅನಂತರ ಮೂರು ಹಾದಿಗಳಿವೆ. ಸಿಪ್ಪೆ ಬಿಡಿಸಿ, ಲೋಳೆಯನ್ನು ಹುಳಿಯಿಸಿ ತೊಳೆದು ಒಣಗಿಸುವುದು ಒಂದು. ಸಿಪ್ಪೆ ಮಾತ್ರ ತೆಗೆದು ಲೋಳೆಯೊಂದಿಗೇ ಒಣಗಿಸುವುದು ‘ಹನಿ’ ವಿಧಾನ. ಹೆಸರಿಗೆ ಜೇನಾದರೂ ಇದರಲ್ಲಿ ಜೇನುತುಪ್ಪವಿಲ್ಲ. ಹಣ್ಣನ್ನು ಇಡಿಯಾಗಿ ಒಣಗಿಸುವುದು ಮೂರನೆಯದು. ತೇವಾಂಶ ಶೇ. 10–11ಕ್ಕೆ ಇಳಿಯುವವರೆಗೆ, ನೆಲದಿಂದ ಎತ್ತರಿಸಿದ ಬಲೆಯ ಅಟ್ಟಣೆಗಳ ಮೇಲೆ ತೆಳುವಾಗಿ ಹರಡಿ, ದಿನವೂ ಹಲವು ಬಾರಿ ಕೈಯಾಡಿಸಬೇಕು. ಈ ನಡುವೆ ಡಿಸೆಂಬರಿನಲ್ಲಿ ಎರಡು ದಿನ ಅಕಾಲಿಕ ಮಳೆ ಸುರಿದರೆ ಬೂಷ್ಟು ಹಿಡಿದು, ವಿಶೇಷ ದರ ಸಿಗಬೇಕಾದ ಕಾಫಿ ಸಾಮಾನ್ಯ ದರಕ್ಕೂ ಕಷ್ಟವಾಗುತ್ತದೆ. ಕೊಯ್ಲಿನ ಹೆಚ್ಚುವರಿ ಕೂಲಿ ಆಗಲೇ ಖರ್ಚಾಗಿರುತ್ತದೆ.

ಗ್ರಾಮ ಪಂಚಾಯಿತಿಗೆ ಮುಖ್ಯವಾದುದು ಮೊದಲನೆಯ ವಿಧಾನದ ನೀರು. ಪಲ್ಪರ್‌ನಿಂದ ಮತ್ತು ತೊಳೆಯುವ ತೊಟ್ಟಿಯಿಂದ ಬರುವ ನೀರಿನಲ್ಲಿ ಸಕ್ಕರೆಯಂಶ ಹಾಗೂ ಲೋಳೆ ತುಂಬಿದ್ದು, ಬೇಗನೆ ಹುಳಿಯಾಗುತ್ತದೆ. ಅದು ಹಳ್ಳವನ್ನು ಸೇರಿದರೆ ನೀರಿನಲ್ಲಿರುವ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ. ಕೊಯ್ಲಿನ ಕಾಲಕ್ಕೆ ಹಳ್ಳದ ಹರಿವೂ ಇಳಿದಿರುವುದರಿಂದ ಕೆಳಗಿನ ಊರಿನವರಿಗೆ ಕಪ್ಪು ನೀರು, ದುರ್ವಾಸನೆ ತಪ್ಪದು. ಇದು 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಗೆ ಒಳಪಟ್ಟ ವಿಷಯ. ತೊಳೆಯುವ ನೀರನ್ನು ಮರುಬಳಸಿ ಪ್ರಮಾಣ ತಗ್ಗಿಸುವುದು, ಇಂಗದಂತೆ ಹೊದಿಕೆ ಹಾಕಿದ ಗುಂಡಿಯಲ್ಲಿ ನಿಲ್ಲಿಸಿ ಸುಣ್ಣದಿಂದ ಹುಳಿ ತಗ್ಗಿಸುವುದು, ಸಿಪ್ಪೆಯನ್ನು ಗೊಬ್ಬರ ಮಾಡುವುದು ರೂಢಿಯಲ್ಲಿರುವ ಕ್ರಮಗಳು. ಹನಿ ವಿಧಾನಕ್ಕೆ ನೀರು ಅತ್ಯಲ್ಪ. ಇಡಿಯಾಗಿ ಒಣಗಿಸುವುದಕ್ಕೆ ಪಲ್ಪರಿನ ನೀರೇ ಇಲ್ಲ. ಈ ದೃಷ್ಟಿಯಿಂದ ಯುವ ಬೆಳೆಗಾರರ ಹೊಸ ಪ್ರಯೋಗಗಳು ಹಳ್ಳಕ್ಕೆ ಹಗುರವೇ ಆಗಿವೆ.

ಸದಸ್ಯರು ನವೆಂಬರಿಗೆ ಮುನ್ನ ತಮ್ಮ ವ್ಯಾಪ್ತಿಯ ಪಲ್ಪರ್‌ಗಳು ಎಲ್ಲಿವೆ, ಅವುಗಳ ಕೆಳಭಾಗದಲ್ಲಿ ಕುಡಿಯುವ ನೀರಿನ ಮೂಲಗಳು ಯಾವುವು ಎಂಬುದನ್ನು ಬೆಳೆಗಾರರೊಂದಿಗೆ ಕೂಡಿ ಗುರುತಿಸಿಕೊಳ್ಳಬಹುದು. ತೋಟಗಳಲ್ಲಿ ಉಳಿದಿರುವ ವಿರಳ ತಳಿಗಳನ್ನು, ಜೀವವೈವಿಧ್ಯ ಕಾಯ್ದೆ 2002ರಡಿ ರಚಿತವಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಲು ಅವಕಾಶವಿದೆ. ಯಾವ ತೋಟದಲ್ಲಿ ಯಾವ ಗಿಡವಿತ್ತೆಂದು ಹೇಳಬಲ್ಲ ಹಿರಿಯರು ಊರಿನಲ್ಲಿರುವಾಗಲೇ ಈ ಕೆಲಸ ನಡೆಯಬೇಕು.